ಒಣಗಿದ ಹಲಗೆಯನ್ನು ಹಸಿ ಎಂದವನು

ಆ ಹಲಗೆ ಹಸಿ ಇರಲಿಲ್ಲ. ಆ ಪೆಟ್ಟಿಗೆ ಎಲ್ಲಿಯೂ ಸೋರುತ್ತಿರಲಿಲ್ಲ. ತಪ್ಪು ನನ್ನದು — ನಾನು ಅದಲುಬದಲಾಗಿ ಹಚ್ಚಿದ ಎರಡು ತಂತಿಗಳದ್ದು. ಇದು ನನಗೆ ಮರುದಿನವೇ ಗೊತ್ತಾಯಿತು. ಗೊತ್ತಾದ ಮೇಲೂ ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ವಿಷಯ ಇಷ್ಟೇ. ನಾಲ್ಕು ಸಾಲಿನಲ್ಲಿ ಮುಗಿಯಿತು. ಆದರೆ ನಾಲ್ಕು ಸಾಲಿಗೇ ಮುಗಿಸಿಬಿಟ್ಟರೆ ನಾನು ಮತ್ತೊಮ್ಮೆ ಸುಲಭವಾಗಿ ಪಾರಾದ ಹಾಗೆ. ಅದಕ್ಕೇ ಪೂರ್ತಿ ಹೇಳುತ್ತೇನೆ — ನನಗೆ ಹೇಳಲು ಇಷ್ಟವಿಲ್ಲದ ಭಾಗವನ್ನೂ ಸೇರಿಸಿ.

ಬೆಟಗೇರಿಯ ನೇಕಾರರ ಓಣಿಯ ಬಾಯಿಗೇ ನನ್ನ ಅಂಗಡಿ. ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ. ಎಲ್ಲರೂ ನನ್ನನ್ನು ಶೇಖಣ್ಣ ಎನ್ನುತ್ತಾರೆ. ನನ್ನ ಕಿವಿಯ ಬಗ್ಗೆ ನನಗೆ ಬಹಳ ಸೊಕ್ಕಿತ್ತು. ಓಣಿಯ ಮಗ್ಗದ ಸಪ್ಪಳ ಕೇಳಿ ಅದು ಯಾರ ಮನೆಯದು ಎಂದು ಹೇಳುತ್ತಿದ್ದೆ. ಯಾರಾದರೂ ನನ್ನ ಕೆಲಸದಲ್ಲಿ ಲೋಪ ತೋರಿಸಿದರೆ ಅವರ ರೇಡಿಯೊವನ್ನು ಹಾಗೇ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಶೇಖಣ್ಣ ತಪ್ಪು ಮಾಡುವುದಿಲ್ಲ ಎಂದು ಊರಲ್ಲಿ ಹೇಳುತ್ತಿದ್ದರು. ಹಾಗೆ ಮೊದಲು ಹೇಳಿದವನು ಬಹುಶಃ ನಾನೇ.

ಮಕ್ತುಮಸಾಬರು ಲಕ್ಷ್ಮೇಶ್ವರದ ಬಡಗಿ. ನನಗಿಂತ ಹತ್ತು ವರ್ಷ ದೊಡ್ಡವರು. ಮಂಚ, ತೊಟ್ಟಿಲು, ಬಾಗಿಲ ಚೌಕಟ್ಟು ಮಾಡುತ್ತಿದ್ದ ಅವರನ್ನು ಸ್ಪೀಕರ್ ಪೆಟ್ಟಿಗೆಯ ಕೆಲಸಕ್ಕೆ ಎಳೆದವನು ನಾನೇ. ಪೇಟೆಯ ತೆಳ್ಳನೆಯ ಪೆಟ್ಟಿಗೆಗಳು ದನಿ ಏರಿಸಿದರೆ ಗಡಗಡ ನಡುಗುತ್ತಿದ್ದವು. ಗಟ್ಟಿ ಕಟ್ಟಿಗೆಯಲ್ಲಿ ನಾವೇ ಮಾಡೋಣ ಎಂದೆ. ಅಳತೆ ನಾನು ಕೊಡುತ್ತಿದ್ದೆ. ಉಳಿದದ್ದೆಲ್ಲ ಅವರದು. ಹಲಗೆಯನ್ನು ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇದು ಸೇರತೈತ್ರಿ," ಎನ್ನುತ್ತಿದ್ದರು, ಇಲ್ಲವೇ, "ಇದು ಬ್ಯಾಡ, ಇದು ಬಾಯಿಬಡಕ ಐತಿ." ಎರಡು ವರ್ಷದಲ್ಲಿ ಆರೇಳು ಜೋಡಿ ಮಾಡಿದೆವು. ಕೇಳುವವರು ಹೆಚ್ಚುತ್ತಿದ್ದರು. ಮಂಚ ತೊಟ್ಟಿಲು ಬಿಟ್ಟು ಇದನ್ನೇ ಹಿಡಿಯುತ್ತೇನೆ ಎಂದು ಅವರು ಮನಸ್ಸು ಮಾಡಿದ್ದರು. ಕೆಲಸದ ಪಡಸಾಲೆಯ ಅರ್ಧ ಭಾಗ ಖಾಲಿ ಮಾಡಿ, ಗೋಡೆಗೆ ಸುಣ್ಣ ಹೊಡೆದು, ಪೆಟ್ಟಿಗೆಗೇ ಅಂತ ಜಾಗ ಮಾಡಿಟ್ಟಿದ್ದರು.

ಆಗಲೇ ಗದಗಿನ ಸಂಗೀತದ ಮಾಸ್ತರೊಬ್ಬರು ಒಂದು ಜೋಡಿ ಬೇಕೆಂದರು. ಹಿಂದೂಸ್ತಾನಿ ಹಾಡಿಕೆ ಕಲಿಸುತ್ತಿದ್ದ ವಯಸ್ಸಾದವರು. ಅವರ ಮಾತಿಗೆ ಊರಲ್ಲಿ ತೂಕವಿತ್ತು. ಅವರ ಮನೆಯಲ್ಲಿ ನಮ್ಮ ಪೆಟ್ಟಿಗೆ ಗೆದ್ದರೆ ಮಕ್ತುಮಸಾಬರ ಹೊಸ ಕಸುಬು ನೆಲೆನಿಂತಂತೆಯೇ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವರು ತಮ್ಮ ಅಪ್ಪ ತೆಗೆದಿಟ್ಟಿದ್ದ ತೇಗದ ಹಲಗೆಯನ್ನು ಅಟ್ಟದಿಂದ ಇಳಿಸಿದರು. ಮೂವತ್ತು ವರ್ಷ ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಒಲೆಯ ಹೊಗೆ ಕುಡಿದು ಒಣಗಿದ ಹಲಗೆ. ಎರಡು ಅಂಗುಲ ದಪ್ಪ. ಇಳಿಸಿದ ದಿನ ನಾನೂ ಅಲ್ಲಿದ್ದೆ. ತಟ್ಟಿ ನೋಡಿದೆ, ಗಂಟೆಯ ಹಾಗೆ ಕೇಳಿಸಿತು. ಇದನ್ನು ನೆನಪಿಡಿ — ಆ ಹಲಗೆ ಎಷ್ಟು ಒಣಗಿದೆ ಎಂದು ನನ್ನ ಕೈಗೇ ಗೊತ್ತಿತ್ತು.

ಆ ಹಲಗೆಯನ್ನು ದಪ್ಪದಲ್ಲಿ ಸೀಳಿದರು. ಎರಡು ದಿನ ಗರಗಸ ಎಳೆದರು. ಗರಗಸದ ಇನ್ನೊಂದು ತುದಿ ಹಿಡಿದವರು ಅವರ ಹೆಂಡತಿ ಬೀಬಿಜಾನ್. ಸೀಳಿದ ಎರಡು ಹೋಳನ್ನು ಪುಸ್ತಕ ಬಿಚ್ಚಿದ ಹಾಗೆ ಅಕ್ಕಪಕ್ಕ ಇಟ್ಟರೆ, ಎಡಗಡೆಯ ಗೆರೆಗಳೆಲ್ಲ ಬಲಗಡೆ ತಿರುಗಿ ನಿಂತವು — ಕನ್ನಡಿ ಹಿಡಿದಂತೆ. ಅವೇ ಎರಡು ಪೆಟ್ಟಿಗೆಗಳ ಮುಖ. ಉಳಿದದ್ದನ್ನೂ ಅವರು ಅದೇ ಲೆಕ್ಕದಲ್ಲಿ ಮಾಡಿದರು: ಎಡ ಪೆಟ್ಟಿಗೆಯ ಗಂಟು ಎಲ್ಲಿದೆಯೋ ಬಲ ಪೆಟ್ಟಿಗೆಯ ಗಂಟು ಅದಕ್ಕೆ ಎದುರು, ಎಡದ್ದರ ಹಿಂದೆ ತಂತಿಯ ತೂತು ಈ ಮೂಲೆಗಾದರೆ, ಬಲದ್ದು ಆ ಮೂಲೆಗೆ. ಆಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್, ಹಳೆಯ ಧೋತರದ ತುಂಡಿನಲ್ಲಿ ಹತ್ತಿ ಸುತ್ತಿಕೊಂಡು, ಒಂದು ಕೈ ಒಣಗಿದ ಮೇಲೆ ಇನ್ನೊಂದು. ಹನ್ನೊಂದು ಕೈ. ಮುಖ ನೋಡಿಕೊಳ್ಳುವಂತಿತ್ತು.

ನನ್ನ ಕೆಲಸ ಬರೀ ಸ್ಪೀಕರ್ ಕೂಡಿಸಿ ತಂತಿ ಹಚ್ಚುವುದು. ನಾನು ಬಳಸುತ್ತಿದ್ದ ತಂತಿಯ ಎರಡೂ ಎಳೆ ಒಂದೇ ಬಣ್ಣದವು. ಪ್ಲಸ್ ಯಾವುದೆಂದು ಗುರುತಿಗೆ ಓಣಿಯಲ್ಲಿ ಬಿದ್ದ ಕೆಂಪು ನೂಲು ಕಟ್ಟುತ್ತಿದ್ದೆ. ಎರಡೂ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಬೋರಲಾಗಿ ಮಲಗಿಸಿ ಎಡದ್ದನ್ನು ಮುಗಿಸಿದೆ. ಬಲದ್ದಕ್ಕೆ ಬಂದಾಗ, ಅದರ ಗೆರೆ, ಗಂಟು, ತೂತು ಎಲ್ಲವೂ ಎದುರುಬದುರಾಗಿ ತಿರುಗಿದ್ದವು ನೋಡಿ — ನನ್ನ ಕೈಯೂ ಅದೇ ಸೊಗಸಿಗೆ ಒಲಿದು ತಂತಿಯನ್ನೂ ತಿರುಗಿಸಿಬಿಟ್ಟಿತು. ಅಲ್ಲಿ ಬಲಕ್ಕಿದ್ದ ಕೆಂಪು ನೂಲು ಇಲ್ಲಿ ಎಡಕ್ಕೆ. ಕಣ್ಣಿಗೆ ಚೆಂದ ಕಂಡಿತು. ಆದರೆ ಸ್ಪೀಕರ್ ಎನ್ನುವುದು ಹಲಗೆಯಲ್ಲ. ಕಾರ್ಖಾನೆಯಿಂದ ಬಂದ ಎರಡೂ ಒಂದೇ ಥರ, ಅವಕ್ಕೆ ಕನ್ನಡಿ ಗೊತ್ತಿಲ್ಲ. ಒಂದಕ್ಕೆ ತಂತಿ ತಿರುವುಮುರುವಾದರೆ, ಒಂದು ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ದಪ್ಪ ದನಿ ನಡುವೆಯೇ ಸತ್ತುಹೋಗುತ್ತದೆ.

ಬ್ಯಾಟರಿಯ ಒಂದು ಸೆಲ್ ತಗುಲಿಸಿ ನೋಡಿದರೆ ಸಾಕು. ಸರಿ ಇದ್ದರೆ ಸ್ಪೀಕರಿನ ಕಾಗದ ಮುಂದಕ್ಕೆ ಜಿಗಿಯುತ್ತದೆ, ತಪ್ಪಿದ್ದರೆ ಹಿಂದಕ್ಕೆ. ಅರ್ಧ ನಿಮಿಷದ ಪರೀಕ್ಷೆ. ಅವತ್ತು ನಾನು ಮಾಡಲಿಲ್ಲ. ಅದೆಲ್ಲ ಕಲಿಯುವವರಿಗೆ ಎಂದುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಮಾಸ್ತರ ಮನೆಯಲ್ಲಿ ಪೆಟ್ಟಿಗೆ ಇಟ್ಟೆವು. ಮಾಸ್ತರಲ್ಲದೆ ಅವರ ಇಬ್ಬರು ಶಿಷ್ಯರು, ಜೊತೆಗೆ ಮುಂಡರಗಿಯ ಬಟ್ಟೆ ವ್ಯಾಪಾರಿ ಗುರಪ್ಪ. ಅವನಿಗೂ ಒಂದು ಜೋಡಿ ಬೇಕಿತ್ತು, ಕೇಳಿ ನೋಡೋಣ ಎಂದು ಬಂದಿದ್ದ. ಮಕ್ತುಮಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ಕ್ಯಾಸೆಟ್ ಹಾಕಿದೆ. ಹಾಡಿಕೆ ಬಂತು, ತಂಬೂರಿ ಬಂತು... ತಬಲಾದ ಬಲಗೈ ಟಕಟಕ ಎಂದಿತು. ಎಡಗೈಯ ಡಗ್ಗಾದ ಗುಮಕು ಮಾತ್ರ ಇಲ್ಲ. ಜೋಳವಿಲ್ಲದ ಚೀಲದ ಹಾಗೆ ಇತ್ತು ದನಿ.

ಮಾಸ್ತರು ಕೈ ಎತ್ತಿ ನಿಲ್ಲಿಸಿದರು. "ಶೇಖಣ್ಣ, ಡಗ್ಗಾ ಎಲ್ಲಿ ಹೋತೋ? ಇಷ್ಟ್ ದೊಡ್ಡ ಡಬ್ಬಿ, ಇಷ್ಟ ದನಿ?"

ಎಲ್ಲರೂ ನನ್ನನ್ನೇ ನೋಡಿದರು. ಏನಾಗಿದೆ ಎಂದು ನನಗೆ ಆಗ ನಿಜವಾಗಿಯೂ ತಿಳಿದಿರಲಿಲ್ಲ. 'ನೋಡ್ತೀನಿ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಶೇಖಣ್ಣ ನೋಡುತ್ತೇನೆ ಎನ್ನುವವನಲ್ಲವಲ್ಲ, ಗೊತ್ತಿದೆ ಎನ್ನುವವನು.

"ತಂತಿ, ಸ್ಪೀಕರ್ ಎಲ್ಲಾ ಬರೋಬರಿ ಅದಾವ್ರಿ," ಎಂದೆ. "ಕಟ್ಟಿಗಿ ಹಸಿ ಇತ್ರಿ. ಈಗ ಹಲಗಿ ಒಣಗಿ ಸಂದು ಬಿಟ್ಟೈತಿ, ಗಾಳಿ ಸೋರಾಕತ್ತೈತಿ."

ಬಾಯಿಂದ ಬಿದ್ದದ್ದು ಇಷ್ಟೇ. ಮೂವತ್ತು ವರ್ಷದ ಹಲಗೆ. ನಾನೇ ತಟ್ಟಿ ನೋಡಿದ ಹಲಗೆ.

ಮಕ್ತುಮಸಾಬರು ಮೆಲ್ಲಗೆ ಬಂದು ಒಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು — ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ನನ್ನ ಕಡೆ ನೋಡಿದರು. ಹಲಗೆಯ ಕತೆ ನನಗೆ ಗೊತ್ತಿತ್ತೆಂದು ಅವರಿಗೆ ಗೊತ್ತಿತ್ತು. ಆದರೂ ಅವರು ನನ್ನ ಮಾತನ್ನು ನಂಬಿದರು. ಶೇಖಣ್ಣನ ಕಿವಿ ಸುಳ್ಳು ಹೇಳುವುದಿಲ್ಲ ಎಂದು ಅವರೂ ನಂಬಿದ್ದವರೇ. "ಇದ್ರೂ ಇರಬಹುದ್ರಿ. ಒಯ್ದು ನೋಡ್ತೀನಿ," ಎಂದರು. ಸ್ಪೀಕರ್‌ಗಳನ್ನು ನಾನು ಬಿಚ್ಚಿಟ್ಟುಕೊಂಡೆ. ಖಾಲಿ ಪೆಟ್ಟಿಗೆಗಳನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕದೆ, ಒಳಗೇ ಕಾಲ ಹತ್ತಿರ ಇಟ್ಟುಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ಗುರಪ್ಪ ಅಲ್ಲಿಯೇ ನಕ್ಕ: "ಹಸಿಕಟ್ಟಿಗಿ ಮಕ್ತುಮಸಾಬ!"

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಆ ಸ್ಪೀಕರ್‌ಗಳನ್ನು ಮೇಜಿನ ಮೇಲಿಟ್ಟೆ. ತಂತಿ ಇನ್ನೂ ಅಂಟಿಕೊಂಡೇ ಇತ್ತು. ಒಂದರ ಕೆಂಪು ನೂಲು ಪ್ಲಸ್ಸಿಗೆ. ಇನ್ನೊಂದರದು ಮೈನಸ್ಸಿಗೆ.

ಎರಡನ್ನೂ ಮತ್ತೊಮ್ಮೆ ತಿರುಗಿಸಿ ನೋಡಿದೆ. ಆಮೇಲೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಆಮೇಲೆ ನಾನು ಬಾಗಿಲ ಕಡೆ ನೋಡಿದೆ. ಯಾರಾದರೂ ನೋಡಿದರೇನೋ ಎಂದು. ಯಾರೂ ಇರಲಿಲ್ಲ. ಬೆಸುಗೆ ಬಿಚ್ಚಿ ಸರಿಮಾಡಿದೆ. ಕೆಂಪು ನೂಲು ಕಿತ್ತು ಎಸೆದೆ.

ಆಗಲೇ ಲಕ್ಷ್ಮೇಶ್ವರದ ಬಸ್ಸು ಹತ್ತಬಹುದಿತ್ತು. ನಾಳೆ ಹೋಗೋಣ ಎಂದುಕೊಂಡೆ. ಮರುದಿನವೂ ಅದನ್ನೇ ಅಂದುಕೊಂಡೆ.

ಮೂರನೆಯ ದಿನ ಅವರೇ ಬಂದರು. ಕಣ್ಣು ಕೆಂಪಾಗಿದ್ದವು. ಪೆಟ್ಟಿಗೆಯೊಳಗೆ ಕೆಂಡದ ಬಟ್ಟಲಿಟ್ಟು ಲೋಬಾನ ಹಾಕಿ, ಹಿಂದಿನ ತಂತಿಯ ತೂತಿಗೆ ಹಸಿ ಹಿಟ್ಟು ತುಂಬಿ, ಮುಂದೆ ಸ್ಪೀಕರ್ ಕೂರುವ ದುಂಡು ತೂತನ್ನು ಹಿಟ್ಟು ಮೆತ್ತಿದ ತಟ್ಟೆಯಿಂದ ಮುಚ್ಚಿ, ಹೊಗೆ ಎಲ್ಲಿಂದ ಹೊರಬರುತ್ತದೆ ಎಂದು ಗಂಡ ಹೆಂಡತಿ ಇಬ್ಬರೂ ಸುತ್ತಲೂ ಕೂತು ಕಾದರಂತೆ.

"ಎಲ್ಲಿಂದೂ ಒಂದ್ ಎಳಿ ಹೊಗಿ ಬರ್ಲಿಲ್ರಿ ಶೇಖಣ್ಣ," ಎಂದರು. "ಎರಡೂ ಪೆಟಗಿ ನೋಡೇವಿ. ಎಲ್ಲಿ ಸೋರತೈತಿ, ನೀವರ ಹೇಳ್ರಿ."

ಮೊದಲ ಸುಳ್ಳು ಗಾಬರಿಯಲ್ಲಿ ಹೇಳಿದ್ದೆ. ಇದನ್ನು ಚಹಾ ಕುಡಿಯುತ್ತ, ಸಾವಧಾನವಾಗಿ ಹೇಳಿದೆ. ಅದಕ್ಕೇ ಇದು ದೊಡ್ಡದು.

"ಕಣ್ಣಿಗೆ ಕಾಣದಷ್ಟು ಸೋರಿದ್ರೂ ಸಾಕ್ರಿ ಮಕ್ತುಮಸಾಬ್ರ," ಎಂದೆ. "ಮುಂದಿನ ಹಲಗಿಯೊಳಗ ಕೂದಲೆಳಿ ಬಿರುಕು ಇರಬೇಕು. ಅದನ್ನ ಬದಲಿ ಮಾಡ್ರಿ."

ಹಾಗೇಕೆ ಹೇಳಿದೆ? ಹಲಗೆ ಬದಲಾದರೆ, ದನಿ ಸರಿಯಾದದ್ದಕ್ಕೆ ಒಂದು ಕಾರಣ ಸಿಗುತ್ತದೆ. ನನ್ನ ಸುಳ್ಳಿಗೆ ಒಂದು ಆಸರೆ ಬೇಕಿತ್ತು, ಅವರ ಅಪ್ಪನ ಹಲಗೆಯನ್ನು ಅದಕ್ಕೆ ಕೊಟ್ಟೆ.

ಅವರು ಎರಡೂ ಮುಖವನ್ನು ಬಿಚ್ಚಿದರು. ಪೇಟೆಯಿಂದ ತಂದ ಸಾದಾ ಹಲಗೆ ಕೂಡಿಸಿದರು. ಮತ್ತೆ ಅದೇ ಮಾಸ್ತರ ಮನೆ, ಅದೇ ಜನ. ಈ ಸಲ ತಂತಿ ಸರಿ ಇತ್ತು. ಡಗ್ಗಾ ಎದೆಗೆ ಬಂದು ಬಡಿಯಿತು. ಮಾಸ್ತರು ತೊಡೆ ತಟ್ಟಿ, "ಶಾಬಾಸ್ ಮಕ್ತುಮಸಾಬ! ತಪ್ಪು ತಿದ್ದಿಕೊಳ್ಳವನ ಖರೆ ಕಸಬದಾರ," ಎಂದರು. ಮಕ್ತುಮಸಾಬರು ತಲೆ ಬಾಗಿಸಿ ನಕ್ಕರು. ಅಪ್ಪನ ಹಲಗೆಯದೇ ತಪ್ಪೆಂದು ಒಪ್ಪಿಕೊಂಡ ನಗು ಅದು. ನಾನೂ ನಕ್ಕೆ.

ಆದರೆ ಗುರಪ್ಪ ಪೆಟ್ಟಿಗೆ ಮಾಡಿಸಲಿಲ್ಲ. ಅವನು ಇಟ್ಟ ಹೆಸರು ಮಾತ್ರ ಮುಂಡರಗಿಯಿಂದ ಶಿರಹಟ್ಟಿಗೆ, ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಬಂತು. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಅಂಟಿತೆಂದರೆ ಅಂಟಿತು. ಮಂಚ ಮಾಡಿಸಲು ಬಂದವರೂ "ಈ ಕಟ್ಟಿಗಿ ಒಣಗೈತೋ ಇಲ್ಲೋ?" ಎಂದು ಚೇಷ್ಟೆ ಮಾಡತೊಡಗಿದರು. ಅವರು ಪೆಟ್ಟಿಗೆಯ ಕೆಲಸ ಬಿಟ್ಟರು. ನಾನು ಬಿಡಲಿಲ್ಲ. ಬೆಟಗೇರಿಯಲ್ಲೇ ಬೇರೆ ಬಡಗಿಯನ್ನು ಹಿಡಿದೆ. ಮಕ್ತುಮಸಾಬರು ಕಂಡುಕೊಂಡಿದ್ದ ಜೋಡಣೆ, ಅವರ ಅರಗಿನ ಪಾಲಿಶ್ ಎಲ್ಲ ಅವನಿಗೆ ಹೇಳಿಕೊಟ್ಟೆ. ಶೇಖಣ್ಣನ ಪೆಟ್ಟಿಗೆ ಎಂದು ಹೆಸರಾಯಿತು.

ಈ ಬೇಸಿಗೆಯಲ್ಲಿ ಒಂದು ಆಂಪ್ಲಿಫೈಯರ್ ಕೊಡಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಮಕ್ತುಮಸಾಬರೇ ಸಿಕ್ಕರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಕೈ ಹಿಡಿದು ಮನೆಗೆ ಕರೆದೊಯ್ದರು. ಬೀಬಿಜಾನ್ ನೀರು ತರಲು ತಿರುಗಿದಾಗ ನಾನು ಅದನ್ನು ನೋಡಿದೆ.

ನೀರಿನ ಕಟ್ಟೆಯ ಮೇಲೆ ಎರಡು ತೇಗದ ಹಲಗೆ, ಅಕ್ಕಪಕ್ಕ. ಎರಡಕ್ಕೂ ನಡುವೆ ದುಂಡು ತೂತು. ಆ ತೂತಿನಲ್ಲಿ ಒಂದೊಂದು ಮಣ್ಣಿನ ಕೊಡ ಉರುಳದಂತೆ ಕೂತಿದೆ. ಎಡದ ಗೆರೆಗಳು ಬಲಕ್ಕೆ ತಿರುಗಿ, ಪುಸ್ತಕ ಬಿಚ್ಚಿದಂತೆ. ಇಪ್ಪತ್ತೆರಡು ವರ್ಷದ ನೀರು ಕುಡಿದರೂ ಹಲಗೆ ಸೀಳಿರಲಿಲ್ಲ, ಡೊಂಕಾಗಿರಲಿಲ್ಲ.

"ಒಗಿಯಾಕ ಮನಸ್ಸಾಗ್ಲಿಲ್ರಿ, ಅಪ್ಪಂದು," ಎಂದರು ಮಕ್ತುಮಸಾಬರು. "ಈಗರ ಹೇಳ್ರಿ ಶೇಖಣ್ಣ. ಎಲ್ಲಿತ್ತು ಆ ಬಿರುಕು? ನಾ ಇನ್ನೂ ಹುಡಕ್ತೀನಿ."

ಬೀಬಿಜಾನ್ ತಂಬಿಗೆ ಕೊಡುತ್ತ, "ಅದೊಂದ ಅಲ್ರಿ ಅಣ್ಣಾರ," ಎಂದರು. "ಅವತ್ತಿನಿಂದ ಯಾವ ಹಲಗಿ ಹಿಡದ್ರೂ ನನ್ನ ಕರೀತಾರ. ತಟ್ಟಿ ತೋರಸ್ತಾರ. ಇದು ಒಣಗೈತೇನ, ನೀನ ಹೇಳು ಅಂತಾರ. ತಮ್ಮ ಕೈಮ್ಯಾಲ ಇವರಿಗೆ ನಂಬಿಗಿನ ಇಲ್ಲ."

ನಾನು ಆ ನೀರು ಕುಡಿದೆ. ತಣ್ಣಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ — ಅವತ್ತೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ನೀರು ಕುಡಿದಾಗಲೆಲ್ಲ ಆ ಎರಡು ತೂತು ಕಣ್ಣಿಗೆ ಬರುತ್ತಿದ್ದವು. ಎಂಟು ದಿನ ತಡೆದೆ. ಒಂಬತ್ತನೆಯ ದಿನ ಎರಡು ಸ್ಪೀಕರ್, ಒಂದು ಚೂರು ತಂತಿ, ಒಂದು ಸೆಲ್ ಚೀಲಕ್ಕೆ ಹಾಕಿಕೊಂಡು ಹೋದೆ.

ಅವರ ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದೆ. ಸೆಲ್ ಅವರ ಕೈಗೇ ಕೊಟ್ಟೆ. ತಂತಿ ಮುಟ್ಟಿಸಿದರು, ಕಾಗದ ಮುಂದಕ್ಕೆ ಜಿಗಿಯಿತು. ತಿರುಗಿಸಿ ಮುಟ್ಟಿಸಿದರು; ಹಿಂದಕ್ಕೆ ಹೋಯಿತು. ಕಾಗದದ ಮೇಲೆ ಬೆರಳಿಟ್ಟುಕೊಂಡು ಮುಂದೆ, ಹಿಂದೆ, ಮುಂದೆ, ಹಿಂದೆ — ಬಹಳ ಹೊತ್ತು ಅದನ್ನೇ ಮಾಡಿದರು. ಬೀಬಿಜಾನ್ ಬಾಗಿಲಲ್ಲಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

"ಹಂಗಾರ ಹಲಗಿ ಚಲೋ ಇತ್ತು," ಎಂದರು ಕೊನೆಗೆ.

"ಚಲೋ ಇತ್ರಿ. ನನ್ನ ತಪ್ಪು. ನನಗ ಮರುದಿನಾನ ಗೊತ್ತಾಗಿತ್ತು."

"ಮರುದಿನ." ಸೆಲ್ಲನ್ನು ನೆಲದ ಮೇಲಿಟ್ಟರು. "ನಾ ಹೊಗಿ ಹಾಕಿ ನಿಮ್ಮ ಅಂಗಡಿಗೆ ಬಂದಾಗ ನಿಮಗ ಗೊತ್ತಿತ್ತು."

"ಗೊತ್ತಿತ್ರಿ."

ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿದ್ದೆನೇನೋ. ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

"ನನಗ ಹೇಳಿದ್ರಿ, ಆತು," ಎಂದರು. "ಅವತ್ತ ನಾಕ್ ಮಂದಿ ಮುಂದ ಅಂದಿದ್ರಿ. ಆ ನಾಕ್ ಮಂದಿಗೆ ಯಾರು ಹೇಳವರು?"

ಮಾಸ್ತರು ತೀರಿಕೊಂಡು ಎಂಟು ವರ್ಷ. ಶಿಷ್ಯರಲ್ಲಿ ಒಬ್ಬ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಇನ್ನೊಬ್ಬ ಶಿರಹಟ್ಟಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾನೆ. ಅವನ ಮುಂದೆ ನಿಂತು ಹೇಳಿದೆ. ಕೇಳಿಸಿಕೊಂಡು, "ನಮ್ಮ ಮಾಸ್ತರಿಗೂ ಗೊತ್ತಾಗ್ಲಿಲ್ಲಲ್ರಿ," ಎಂದು ನೆಲ ನೋಡಿದ. ಆಮೇಲೆ ಮುಂಡರಗಿಗೆ ಹೋದೆ. ಗುರಪ್ಪ ಈಗ ಅಂಗಡಿಯ ಗಾದಿಯ ಮೇಲೆ ಒರಗಿ ಕೂರುವಷ್ಟು ದಪ್ಪಗಾಗಿದ್ದಾನೆ. ಮಕ್ತುಮಸಾಬರ ಹೆಸರು ಹೇಳಿದೆ. ನೆನಪಾಗಲಿಲ್ಲ.

ಒಮ್ಮೆಲೇ ಕಣ್ಣು ಅರಳಿಸಿ, "ಯಾರು, ಹಸಿಕಟ್ಟಿಗಿ ಮಕ್ತುಮಸಾಬಾ?" ಎಂದ.

"ಕಟ್ಟಿಗಿ ಹಸಿ ಇರ್ಲಿಲ್ಲ ಗುರಪ್ಪ. ನಾ ಸುಳ್ಳ ಹೇಳಿದ್ದೆ," ಎಂದು ಎಲ್ಲ ಬಿಡಿಸಿ ಹೇಳಿದೆ.

ಅವನು ಹೊಟ್ಟೆ ಕುಣಿಸಿ ನಕ್ಕ. "ಇಷ್ಟ ಹೇಳಾಕ ಬೆಟಗೇರಿಯಿಂದ ಬಂದ್ಯಾ? ಇರ್ಲಿ ಬಿಡೋ ಮಾರಾಯ. ಹಸಿಕಟ್ಟಿಗಿ ಆರಾಮ ಅದಾನಿಲ್ಲೋ?"

ಆ ಹೆಸರನ್ನು ಮೊದಲು ಕೂಗಿದವನು ಗುರಪ್ಪ. ಆದರೆ ಅವನಿಗೆ ಅದನ್ನು ಕೊಟ್ಟವನು ನಾನು. ಅವನ ಬಾಯಿಂದ ಅದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೋ ತಿಳಿಯದೆ ಎದ್ದು ಬಂದೆ.

ಇವತ್ತು ಸಂಜೆ ಮಕ್ತುಮಸಾಬರಿಗೆ ಫೋನ್ ಮಾಡಿದೆ.

"ಹೇಳಿದ್ರ್ಯಾ?" ಎಂದರು.

"ಹೇಳೇನ್ರಿ."

"ಗುರಪ್ಪ ಏನಂದ್ರು?"

ಬಹಳ ಬೇಜಾರು ಮಾಡಿಕೊಂಡ, ನಿಮ್ಮನ್ನು ನೆನೆದ — ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಬೇಗ ಬರುತ್ತದೆ ಸುಳ್ಳು, ಇಷ್ಟೆಲ್ಲ ಆದ ಮೇಲೂ! ಬಾಯಿ ಬಿಗಿಹಿಡಿದು, ಆದದ್ದನ್ನು ಆದ ಹಾಗೆ ಹೇಳಿದೆ. ನಕ್ಕದ್ದನ್ನೂ, ಹೊರಡುವಾಗ ಅವನು ಅದೇ ಹೆಸರು ಹಿಡಿದು ಕೇಳಿದ್ದನ್ನೂ.

ಆ ಕಡೆ ಹಿಂದೆ ಎಲ್ಲಿಯೋ ಕೊಡಕ್ಕೆ ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು.

"ಇನ್ನೊಮ್ಮಿ ಹೋಗ್ರಿ," ಎಂದರು.

ನಾಳೆ ಬೆಳಗಿನ ಬಸ್ಸಿಗೆ ಮುಂಡರಗಿಗೆ ಹೋಗುತ್ತಿದ್ದೇನೆ.